ಲೋಳೆಸರದ ತಿರುಳನ್ನು ತೆಗೆದು ಬಳಸುವ ಬಗೆ

ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಹೆಸರಿಸಿದ, ಲೋಳೆಸರವೂ ಸೇರಿರುವ ಆಲೋ ಕುಲದಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿದ್ದು, ಆಫ್ರಿಕಾ, ಮಡಗಾಸ್ಕರ್ ಮತ್ತು ಅರೇಬಿಯಾ ಪರ್ಯಾಯ ದ್ವೀಪ ಅವುಗಳ ತವರಾಗಿವೆ. ಅವುಗಳಲ್ಲಿ ಕೆಲವು ವಿಷಕಾರಿ. ಔಷಧಕ್ಕಾಗಿ ಹೆಚ್ಚಾಗಿ ಬೆಳೆಸುವ ಪ್ರಭೇದ ಆಲೋ ವೆರಾ, ಅಂದರೆ ಲೋಳೆಸರ. ಇದರ ಎಲೆಯಂಚಿನಲ್ಲಿ ಸಣ್ಣ ಮುಳ್ಳುಗಳಿರುತ್ತವೆ, ಹೂವು ಹಳದಿಯಾಗಿರುತ್ತದೆ. ನೋಟದಲ್ಲಿ ಇದನ್ನು ಹೋಲುವ ಕತ್ತಾಳೆಯ ಎಲೆಯಲ್ಲಿ ಗಟ್ಟಿ ನಾರಿದ್ದು, ಅದರ ರಸ ಚರ್ಮಕ್ಕೆ ತಗುಲಿದರೆ ಉರಿ ಮತ್ತು ತುರಿಕೆ ಉಂಟಾಗುತ್ತದೆ. ಗಿಡದ ಗುರುತು ಖಚಿತವಾಗದಿದ್ದರೆ ಅದನ್ನು ಬಳಸಲೇಬಾರದು.

ಲೋಳೆಸರದ ಒಂದೇ ಎಲೆಯಲ್ಲಿ ಗುಣದಲ್ಲಿ ಪೂರ್ತಿ ಬೇರೆಯಾದ ಎರಡು ದ್ರವ್ಯಗಳಿವೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ನಡುವಿನ ಪಾರದರ್ಶಕ ತಿರುಳು ಬಹುಪಾಲು ನೀರೇ ಆಗಿದ್ದು ಚರ್ಮಕ್ಕೆ ತಂಪು ನೀಡುತ್ತದೆ. ಸಿಪ್ಪೆಯ ಕೆಳಗೇ ಹರಿಯುವ ಕಹಿಯಾದ ಹಳದಿ ರಸದಲ್ಲಿ ಆಲೋಯಿನ್ ಎಂಬ ತೀವ್ರ ಭೇದಿಕಾರಕವಿದೆ. ಅದು ಹೊಟ್ಟೆನುಲಿತವನ್ನುಂಟುಮಾಡುವುದಲ್ಲದೆ, ಹೆಚ್ಚು ದಿನ ಸೇವಿಸಿದರೆ ದೇಹದ ಪೊಟ್ಯಾಸಿಯಂ ಮಟ್ಟವನ್ನೂ ತಗ್ಗಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಗಳಲ್ಲಿ ಇದರ ಬಳಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ನಿಲ್ಲಿಸಿತು. ಆದ್ದರಿಂದ ಮನೆಯಲ್ಲಿ ತೆಗೆದ ತಿರುಳನ್ನು ಕುಡಿಯದೆ, ಹಚ್ಚುವುದಕ್ಕಷ್ಟೇ ಇಟ್ಟುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳ ವಿಷಯದಲ್ಲಂತೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಬಲಿತ ಗಿಡದ ಹೊರಸುತ್ತಿನ ದಪ್ಪ ಎಲೆಯನ್ನು ಬುಡದಲ್ಲಿ ಕತ್ತರಿಸಿ, ಕೊಯ್ದ ತುದಿ ಕೆಳಮುಖವಾಗುವಂತೆ ಲೋಟವೊಂದರಲ್ಲಿ ನಿಲ್ಲಿಸಿ, ಹಳದಿ ರಸ ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಡಬೇಕು. ಇಲ್ಲಿ ಆತುರಪಟ್ಟರೆ ಮುಂದಿನ ಕೆಲಸವೆಲ್ಲ ಕೆಡುತ್ತದೆ. ಬಳಿಕ ಎಲೆಯನ್ನು ತೊಳೆದು, ಮುಳ್ಳಿನ ಅಂಚುಗಳನ್ನು ಕೊಯ್ದು ತೆಗೆದು, ಸಿಪ್ಪೆಯನ್ನು ತುಸು ದಪ್ಪವಾಗಿಯೇ ಹೆರೆಯಬೇಕು. ತಿರುಳಿನಲ್ಲಿ ಹಳದಿ ಛಾಯೆ ಉಳಿದಿದ್ದರೆ ಅದು ಹೋಗುವವರೆಗೆ ಮತ್ತೆ ನೀರಿನಲ್ಲಿ ತೊಳೆಯಬೇಕು.

ಮೊದಲ ಬಾರಿ ಬಳಸುವವರು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು. ಕೆಂಪಾಗದಿದ್ದರೆ, ತುರಿಕೆಯೂ ಬಾರದಿದ್ದರೆ, ಬಿಸಿಲಿಗೆ ಕಂದಿದ ಅಥವಾ ಒಣಗಿದ ಚರ್ಮಕ್ಕೆ ತೆಳುವಾಗಿ ಹಚ್ಚಬಹುದು. ಸುಟ್ಟ ಜಾಗಕ್ಕೆ ಮೊದಲ ಚಿಕಿತ್ಸೆ ಲೋಳೆಸರವಲ್ಲ, ಹರಿಯುವ ತಣ್ಣೀರು. 20 ನಿಮಿಷ ನೀರು ಹರಿಸಿದ ಮೇಲೆ, ಸುಟ್ಟದ್ದು ಸಣ್ಣದಾಗಿದ್ದು ಚರ್ಮ ಒಡೆಯದಿದ್ದರೆ ಮಾತ್ರ ತಿರುಳನ್ನು ಸವರಬಹುದು. ಬೊಬ್ಬೆ ಒಡೆದ ಸುಟ್ಟಗಾಯ, ಆಳವಾದ ಗಾಯ ಮತ್ತು ಶಸ್ತ್ರಚಿಕಿತ್ಸೆಯ ಗಾಯಗಳನ್ನು ವೈದ್ಯರಿಗೇ ತೋರಿಸಬೇಕು.

ತಾಜಾ ತಿರುಳು ಬೇಗ ಕೆಡುವುದರಿಂದ ಅಂದಂದಿಗೆ ಬೇಕಾದಷ್ಟನ್ನೇ ತೆಗೆಯುವುದು ಒಳ್ಳೆಯದು. ಉಳಿದರೆ ಮುಚ್ಚಳವಿರುವ ಗಾಜಿನ ಪಾತ್ರೆಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟು, ಬಣ್ಣ ಅಥವಾ ವಾಸನೆ ಬದಲಾದ ಕೂಡಲೇ ಎಸೆಯಬೇಕು.