ನಿರ್ಬಂಧಗಳ ಕಾಲದಲ್ಲಿ ದ್ವೀಪ ಪ್ರವಾಸ: ಮರಳುವ ದಿನದಿಂದ ಲೆಕ್ಕ ಹಾಕುವ ಬಗೆ

ಪ್ರವಾಸ ಹೊರಡುವವರು ಸಾಮಾನ್ಯವಾಗಿ ಹೋಗುವ ದಿನವನ್ನು ಮೊದಲು ಗೊತ್ತು ಮಾಡಿಕೊಳ್ಳುತ್ತಾರೆ. ರಜೆ ಎಷ್ಟು ಸಿಗುತ್ತದೆ, ವಿಮಾನದ ದರ ಎಷ್ಟಿದೆ ಎಂದು ನೋಡಿ, ಮರಳುವ ಟಿಕೆಟ್ಟನ್ನು ಕೊನೆಗೆ ತೆಗೆಯುತ್ತಾರೆ. ಕೋವಿಡಿನಂಥ ಸಾಂಕ್ರಾಮಿಕ ರೋಗದ ನಿರ್ಬಂಧಗಳಿರುವಾಗ, ಅದರಲ್ಲೂ ಹೋಗುವ ಜಾಗ ದ್ವೀಪವಾಗಿರುವಾಗ, ಈ ಕ್ರಮ ಕೈಕೊಡುತ್ತದೆ. 2021ರ ಫೆಬ್ರವರಿಯಲ್ಲಿ ನಮ್ಮ ಮನೆಯ ನಾಲ್ವರು ಅಂಡಮಾನಿಗೆ ಹೋಗಿ ಬಂದ ಅನುಭವದಿಂದಲೂ, ಕೋವಿಡಿನ ಆ ಎರಡು ವರ್ಷಗಳಲ್ಲಿ (2020 ಮತ್ತು 2021) ಲಕ್ಷದ್ವೀಪ ಮತ್ತು ಮಾಲ್ಡೀವ್ಸ್ ಕಡೆ ಹೊರಟ ಪರಿಚಿತರ ಪಾಡನ್ನು ಕಂಡದ್ದರಿಂದಲೂ ನಾನು ಕಲಿತ ಮುಖ್ಯ ಪಾಠ ಒಂದೇ: ಮನೆಗೆ ಮರಳಿ ಬರಬೇಕಾದ ದಿನವನ್ನು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಇಂಥ ದಿನಗಳು ಮತ್ತೆ ಬಾರದಿರಲಿ ಎಂಬುದೇ ನನ್ನ ಆಸೆ. ಬಂದರೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

ಹಿಂದಕ್ಕೆ ಎಣಿಸುವುದೆಂದರೆ ಏನು ಎಂಬುದಕ್ಕೆ ಲಕ್ಷದ್ವೀಪ ಒಳ್ಳೆಯ ಉದಾಹರಣೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು, ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಅಲ್ಲಿಗೆ ಸರಕು ಹೋಗುತ್ತದೆ. ಆದರೆ ಪ್ರವಾಸಿಯ ದಾರಿ ಬಹುಮಟ್ಟಿಗೆ ಕೊಚ್ಚಿಯ ಮೂಲಕವೇ. 2021ರ ಫೆಬ್ರವರಿಯಲ್ಲಿ, ಮತ್ತೆ ಅದೇ ವರ್ಷದ ಬೇಸಿಗೆಯ ಅಲೆ ಇಳಿದ ಮೇಲೆ ಜುಲೈ ಕೊನೆಯಲ್ಲಿ, ಕೇರಳದಿಂದ ಬರುವವರು 72 ಗಂಟೆಗಳೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತರಬೇಕೆಂದು ಕರ್ನಾಟಕ ಆದೇಶಿಸಿತು; ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಕಾಗದ ನೋಡಿಯೇ ಒಳಗೆ ಬಿಡುತ್ತಿದ್ದರು. ದ್ವೀಪದ ಪ್ರವೇಶ ಅನುಮತಿ, ಹಡಗು, ವಸತಿ ಎಲ್ಲವನ್ನೂ ಸರಿಯಾಗಿ ಹೊಂದಿಸಿಕೊಂಡವನೂ ತನ್ನದೇ ರಾಜ್ಯದ ಗಡಿಯಲ್ಲಿ ನಿಲ್ಲಬೇಕಾದ ಸ್ಥಿತಿ ಅದು. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ಮನೆಗೆ ಮರಳಲು ಯಾವ ವರದಿ ಬೇಕು, ಅದಕ್ಕೆ ಮಾದರಿಯನ್ನು ಎಲ್ಲಿ ಕೊಡಬಹುದು, ದ್ವೀಪದಲ್ಲೇ ಪ್ರಯೋಗಾಲಯ ಇದೆಯೇ ಅಥವಾ ದೊಡ್ಡ ಊರಿಗೆ ಬರಬೇಕೇ, ವರದಿ ಬರಲು ಎಷ್ಟು ಹೊತ್ತು ಬೇಕು. ಈ ನಾಲ್ಕಕ್ಕೆ ಉತ್ತರ ಸಿಕ್ಕಮೇಲೆ ದ್ವೀಪದಲ್ಲಿ ನಿಜವಾಗಿ ಎಷ್ಟು ದಿನ ಉಳಿಯುತ್ತವೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಏಳು ದಿನಗಳ ರಜೆಯಲ್ಲಿ ನಮಗೆ ಅಂಡಮಾನಿನಲ್ಲಿ ಉಳಿದದ್ದು ನಾಲ್ಕು. ಅದನ್ನು ಮೊದಲೇ ಒಪ್ಪಿಕೊಂಡು ಹೊರಟದ್ದರಿಂದ ಬೇಸರವಾಗಲಿಲ್ಲ.

ನಡುದಾರಿಯ ಊರನ್ನೂ ಇದೇ ಕಣ್ಣಿನಿಂದ ನೋಡಬೇಕು. ಬೆಂಗಳೂರಿನಿಂದ ಅಂಡಮಾನಿಗೆ ನೇರ ವಿಮಾನ ಸಿಗದಿದ್ದರೆ ಚೆನ್ನೈ ಅಥವಾ ಕೋಲ್ಕತ್ತದಲ್ಲಿ ವಿಮಾನ ಬದಲಾಯಿಸಬೇಕಾಗುತ್ತದೆ, ಮತ್ತು ಆ ರಾಜ್ಯಗಳ ನಿಯಮ ಬೇರೆಯೇ ಇರುತ್ತದೆ. 2020ರ ಜುಲೈನಲ್ಲಿ ಚೆನ್ನೈ ಸೇರಿದಂತೆ ಆರು ನಗರಗಳಿಂದ ಕೋಲ್ಕತ್ತಕ್ಕೆ ವಿಮಾನಗಳೇ ನಿಂತುಹೋಗಿದ್ದವು. ದರ ಎರಡು ಸಾವಿರ ಹೆಚ್ಚಾದರೂ ನೇರ ವಿಮಾನವನ್ನೇ ಆರಿಸಿಕೊಳ್ಳಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ನಿಯಮಗಳು ಎಷ್ಟು ಬೇಗ ಬದಲಾಗಬಲ್ಲವು ಎಂಬುದನ್ನು ಮಾಲ್ಡೀವ್ಸ್ ತೋರಿಸಿಕೊಟ್ಟಿತು. 2020ರ ಮಾರ್ಚ್ ಕೊನೆಯಲ್ಲಿ ಬಾಗಿಲು ಹಾಕಿದ ಆ ದೇಶ ಜುಲೈ 15ರಂದು ಯಾವ ಪರೀಕ್ಷೆಯನ್ನೂ ಕೇಳದೆ ಪ್ರವಾಸಿಗರನ್ನು ಸ್ವಾಗತಿಸಿತು. ಸೆಪ್ಟೆಂಬರಿನಲ್ಲಿ ಪಿಸಿಆರ್ ವರದಿ ಕಡ್ಡಾಯವಾಯಿತು. 2021ರ ಏಪ್ರಿಲ್ ಕೊನೆಯಲ್ಲಿ ಭಾರತದ ಪ್ರವಾಸಿಗರು ಸ್ಥಳೀಯ ಜನವಸತಿ ಇರುವ ದ್ವೀಪಗಳಲ್ಲಿ ತಂಗುವುದು ನಿಂತಿತು. ಮೇ 13ರಿಂದ ದಕ್ಷಿಣ ಏಷ್ಯಾದವರಿಗೆ ಪ್ರವಾಸಿ ವೀಸಾವೇ ನಿಂತು, ಜುಲೈ 15ರಿಂದ ಮತ್ತೆ ಆರಂಭವಾಯಿತು. ಒಂದೂವರೆ ವರ್ಷದೊಳಗೆ ಇಷ್ಟು ತಿರುವುಗಳು. ಏಪ್ರಿಲ್ ಮೊದಲ ವಾರದಲ್ಲಿ ಅಗ್ಗದ ಅತಿಥಿಗೃಹಕ್ಕೆ ಪೂರ್ತಿ ಹಣ ಕಟ್ಟಿದವನಿಗೆ ಮೂರು ವಾರಗಳಲ್ಲಿ ಆ ಕೋಣೆಯ ಹಾದಿಯೇ ಮುಚ್ಚಿತು. ಇಂಥದ್ದನ್ನು ಯಾರೂ ಮುಂಚಿತವಾಗಿ ಊಹಿಸಲಾರರು. ಆದ್ದರಿಂದ ಕಳೆದುಕೊಂಡರೂ ತಡೆದುಕೊಳ್ಳಬಲ್ಲಷ್ಟು ಹಣವನ್ನು ಮಾತ್ರ ಮುಂಗಡವಾಗಿ ಕೊಡಬೇಕು. ನಿಯಮ ತಿಳಿಯಲು ಆಯಾ ಆಡಳಿತದ ಅಧಿಕೃತ ಆದೇಶವನ್ನೇ ಓದಬೇಕು, ಅದರ ದಿನಾಂಕವನ್ನು ನೋಡಬೇಕು, ಮತ್ತು ಹೊರಡುವುದಕ್ಕೆ ಮೂರು ವಾರ, ಒಂದು ವಾರ, ಎರಡು ದಿನ ಮೊದಲು ಹೀಗೆ ಮತ್ತೆ ಮತ್ತೆ ನೋಡಬೇಕು. ವಾಟ್ಸ್ಆ್ಯಪಿನಲ್ಲಿ ಬಂದ ಆದೇಶದ ಚಿತ್ರದಲ್ಲಿ ದಿನಾಂಕ ಕತ್ತರಿಸಿಹೋಗಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹಣದ ವಿಷಯದಲ್ಲಿ ಇನ್ನೆರಡು ಮಾತುಗಳು. ಮೊದಲ ಲಾಕ್‌ಡೌನಿನಲ್ಲಿ ರದ್ದಾದ ಅನೇಕ ಟಿಕೆಟ್ಟುಗಳಿಗೆ ವಿಮಾನ ಕಂಪನಿಗಳು ನಗದಿನ ಬದಲು ಕ್ರೆಡಿಟ್ ಶೆಲ್ (ಅದೇ ಕಂಪನಿಯ ಮುಂದಿನ ಟಿಕೆಟ್ಟಿಗೆ ಬಳಸಬಹುದಾದ ಜಮೆ) ಕೊಟ್ಟವು. ಹಣ ಮರಳಿಸುವ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ತೀರ್ಪು ನೀಡಿದ ಮೇಲೆಯೇ ಹಲವರಿಗೆ ದಾರಿ ಸಿಕ್ಕಿತು. ಟಿಕೆಟ್ಟನ್ನು ಏಜೆಂಟರ ಮೂಲಕ ಕೊಂಡರೆ ಹಣ ಅವರ ಖಾತೆಗೇ ಮರಳುವುದರಿಂದ, ಇಂಥ ಕಾಲದಲ್ಲಿ ನೇರವಾಗಿ ಕಂಪನಿಯಿಂದಲೇ ಕೊಳ್ಳುವುದು ಕ್ಷೇಮ. ಮರಳಿಸಲಾಗದ ಟಿಕೆಟ್ ಎಂದು ಬರೆದಿದ್ದರೂ ಅದರೊಳಗಿನ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ಪ್ರಯಾಣಿಕನಿಗೆ ವಾಪಸು ಬರಬೇಕಾದವು, ಕೇಳಿ ಪಡೆಯಿರಿ. ವಿಮೆ ಮಾಡಿಸುವಾಗ ಆಸ್ಪತ್ರೆಯ ಖರ್ಚಿನ ಜೊತೆಗೆ ಕ್ವಾರಂಟೈನಿನಲ್ಲಿ ಉಳಿಯುವ ವಸತಿಯ ಖರ್ಚು ಸೇರಿದೆಯೇ, ದ್ವೀಪದಿಂದ ರೋಗಿಯನ್ನು ಸಾಗಿಸುವ ಖರ್ಚು ಸೇರಿದೆಯೇ ಎಂದು ಬರಹದಲ್ಲಿ ನೋಡಿಕೊಳ್ಳಿ. ಹೆದರಿಕೆಯಾಗಿ ನಾವೇ ರದ್ದು ಮಾಡಿದ ಪ್ರವಾಸಕ್ಕೆ ಸಾಧಾರಣ ವಿಮೆ ಏನೂ ಕೊಡುವುದಿಲ್ಲ.

ಈಗ ಪರೀಕ್ಷೆಯ ವಿಷಯ. ನಮಗೆ ಅತಿ ಹೆಚ್ಚು ಆತಂಕ ಕೊಟ್ಟದ್ದು ಇದೇ. ನಾವು ಹೋದಾಗ ಅಂಡಮಾನ್ ಆಡಳಿತ 48 ಗಂಟೆಗಳೊಳಗಿನ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ಆರ್‌ಟಿಪಿಸಿಆರ್ ವರದಿಯನ್ನು ಕೇಳುತ್ತಿತ್ತು. ಶನಿವಾರ ಬೆಳಗಿನ ವಿಮಾನಕ್ಕಾಗಿ ಗುರುವಾರ ಮಧ್ಯಾಹ್ನ ಮಾದರಿ ಕೊಟ್ಟೆವು. ಶುಕ್ರವಾರ ಸಂಜೆಯ ಹೊತ್ತಿಗೆ ಮೂವರ ವರದಿ ಬಂತು, ಅಮ್ಮನದು ಬರಲಿಲ್ಲ. ರಾತ್ರಿ ಒಂಬತ್ತಕ್ಕೆ ಪ್ರಯೋಗಾಲಯದ ಬಾಗಿಲಿಗೇ ಹೋಗಿ ನಿಂತಾಗ ತಿಳಿದದ್ದು, ಅವರ ಮೊಬೈಲ್ ಸಂಖ್ಯೆಯ ಒಂದು ಅಂಕಿಯನ್ನು ತಪ್ಪಾಗಿ ನಮೂದಿಸಿದ್ದರು ಎಂದು. ವರದಿ ಮಧ್ಯಾಹ್ನವೇ ಬಂದಿತ್ತು, ಯಾರದೋ ಫೋನಿಗೆ ಹೋಗಿತ್ತು. ಅಮ್ಮ ತಮ್ಮ ಪರ್ಸಿನಲ್ಲಿ ಮಡಚಿಟ್ಟಿದ್ದ ಚೀಟಿಯಲ್ಲಿ ಎಸ್‌ಆರ್‌ಎಫ್ ಸಂಖ್ಯೆ (ಮಾದರಿಯ ಗುರುತಿನ ಸಂಖ್ಯೆ) ಇದ್ದುದರಿಂದ ಅಲ್ಲಿಯೇ ಹುಡುಕಿ ಮುದ್ರಿಸಿ ಕೊಟ್ಟರು. ಆ ಚೀಟಿ ಕಳೆದಿದ್ದರೆ ನಾವು ಮರುದಿನ ಹೊರಡುತ್ತಿರಲಿಲ್ಲ. ಮಾದರಿ ಕೊಡುವಾಗಲೇ ಪರದೆಯ ಮೇಲೆ ಹೆಸರು, ವಯಸ್ಸು, ಫೋನ್ ಸಂಖ್ಯೆಗಳನ್ನು ಓದಿ ನೋಡಲು ಕೇಳಿಕೊಳ್ಳಿ. ಗುರುತಿನ ಸಂಖ್ಯೆಯ ಚೀಟಿಯ ಫೋಟೊ ತೆಗೆದುಕೊಳ್ಳಿ.

ಹೆಸರಿನ ಬಗ್ಗೆ ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕು. ನಮ್ಮಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ. ಆಧಾರಿನಲ್ಲಿ ಅವು ಹಾಗೆಯೇ ಉಳಿದಿರುತ್ತವೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತಾರೆ, ಲಸಿಕೆಯ ಪ್ರಮಾಣಪತ್ರದಲ್ಲಿ ಮೊದಲಕ್ಷರಗಳೇ ಬಿಟ್ಟುಹೋಗಿರಬಹುದು. ಒಬ್ಬರದೇ ಮೂರು ಕಾಗದ ಮೂವರದಂತೆ ಕಾಣುತ್ತವೆ. ವಿದೇಶಕ್ಕೆ ಹೋಗುವವರ ಪರೀಕ್ಷಾ ವರದಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಇರಬೇಕೆಂದು ಮಾಲ್ಡೀವ್ಸ್ ಸ್ಪಷ್ಟವಾಗಿ ಹೇಳಿತ್ತು. ಟಿಕೆಟ್ ಕೊಳ್ಳುವ ಮೊದಲೇ ಯಾವ ಗುರುತಿನ ಚೀಟಿ ತೋರಿಸುವಿರಿ ಎಂದು ನಿರ್ಧರಿಸಿ, ಉಳಿದ ಕಾಗದಗಳನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳಿ.

ದ್ವೀಪದಿಂದ ದ್ವೀಪಕ್ಕೆ ಓಡಾಡಲು ಸಮುದ್ರದ ಅನುಮತಿಯೂ ಬೇಕು. ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರಿನಿಂದ (2024ರಲ್ಲಿ ಅದರ ಹೆಸರು ಶ್ರೀ ವಿಜಯಪುರಂ ಎಂದಾಯಿತು) ಸ್ವರಾಜ್ ದ್ವೀಪಕ್ಕೆ, ಅಂದರೆ ಹಿಂದಿನ ಹ್ಯಾವ್‌ಲಾಕಿಗೆ, ದೋಣಿಯಲ್ಲಿ ಎರಡು ಗಂಟೆ ಹೆಚ್ಚುಕಡಿಮೆ ಹಿಡಿಯುತ್ತದೆ, ಗಾಳಿ ಎದ್ದರೆ ಅಂದಿನ ದೋಣಿ ಹೊರಡುವುದಿಲ್ಲ. ನೈಋತ್ಯ ಮುಂಗಾರು ಮೇ ತಿಂಗಳಲ್ಲಿ ಕೇರಳಕ್ಕಿಂತ ಮೊದಲೇ ಅಲ್ಲಿಗೆ ಮುಟ್ಟುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಲ. ಜನವರಿಯ ನಡುವಿನಿಂದ ಮಾರ್ಚ್‌ವರೆಗಿನ ಸಮುದ್ರವೇ ನಂಬಿಕಸ್ಥವಾದದ್ದು. ಆಗಲೂ ವಿಮಾನದ ಹಿಂದಿನ ರಾತ್ರಿಯನ್ನು ಪೋರ್ಟ್ ಬ್ಲೇರಿನಲ್ಲೇ ಕಳೆಯಬೇಕು. ಬೆಳಗಿನ ದೋಣಿಯಲ್ಲಿ ಬಂದು ಮಧ್ಯಾಹ್ನದ ವಿಮಾನ ಹಿಡಿಯುತ್ತೇವೆ ಎಂಬ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ದೋಣಿ ರದ್ದಾದರೆ ವಿಮಾನವೂ ತಪ್ಪುತ್ತದೆ, ಪರೀಕ್ಷಾ ವರದಿಯ ಅವಧಿಯೂ ಮುಗಿಯುತ್ತದೆ.

ಹೋಗಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಸರ್ಕಾರದ ಅನುಮತಿಯೊಂದರಿಂದಲೇ ಸಿಗುವುದಿಲ್ಲ ಎಂದು ನಾನು ನಂಬಿದ್ದೇನೆ. ಸ್ವರಾಜ್ ದ್ವೀಪದಲ್ಲಿ ಕಾಯಿಲೆ ಬಿದ್ದವನನ್ನು ದೊಡ್ಡ ಚಿಕಿತ್ಸೆಗೆ ಸಮುದ್ರ ದಾಟಿಸಿ ಪೋರ್ಟ್ ಬ್ಲೇರಿನ ಆಸ್ಪತ್ರೆಗೆ ಒಯ್ಯಬೇಕು, ಮತ್ತು ಅಲ್ಲಿ ನಾವು ಹಿಡಿಯುವ ಹಾಸಿಗೆ ಸುತ್ತಲಿನ ದ್ವೀಪಗಳ ಜನರದು. ಲಕ್ಷದ್ವೀಪದಲ್ಲಿ 2020ರ ಇಡೀ ವರ್ಷ ಒಂದೂ ಪ್ರಕರಣ ಇರಲಿಲ್ಲ. ಪ್ರಯಾಣದ ನಿಯಮ ಸಡಿಲವಾದ ಮೇಲೆ, 2021ರ ಜನವರಿಯಲ್ಲಿ ಮೊದಲನೆಯದು ಪತ್ತೆಯಾಯಿತು. ಅಂಡಮಾನಿನಲ್ಲಿ ಇನ್ನೂ ಸೂಕ್ಷ್ಮವಾದ ವಿಷಯವಿದೆ. ಕೇವಲ ಐವತ್ತು ಚಿಲ್ಲರೆ ಮಂದಿ ಉಳಿದಿರುವ ಗ್ರೇಟ್ ಅಂಡಮಾನೀಸ್ ಆದಿವಾಸಿ ಸಮುದಾಯದಲ್ಲಿ 2020ರ ಆಗಸ್ಟಿನಲ್ಲಿ ಸೋಂಕು ಕಾಣಿಸಿತು. ಹೊರಗಿನಿಂದ ಬಂದ ರೋಗಗಳು ಈ ಜನರ ಸಂಖ್ಯೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಕರಗಿಸಿದ್ದವು. ಬಾರಾಟಾಂಗ್‌ಗೆ ಹೋಗುವ ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಆದಿವಾಸಿಗಳ ಮೀಸಲು ಪ್ರದೇಶದ ನಡುವೆ ಹಾಯುತ್ತದೆ. ಸಾಂಕ್ರಾಮಿಕ ಹರಡಿರುವಾಗ, ರಸ್ತೆ ತೆರೆದಿದ್ದರೂ, ಆ ಪ್ರವಾಸವನ್ನು ದಯವಿಟ್ಟು ಬಿಟ್ಟುಬಿಡಿ. ಅದರ ಬದಲು ಸ್ವರಾಜ್ ದ್ವೀಪದ ರಾಧಾನಗರ ಕಡಲತೀರದಲ್ಲಿ ಒಂದು ಸಂಜೆ ಹೆಚ್ಚು ಕಳೆಯಬಹುದು. ಮನೆಯಲ್ಲಿ ಯಾರಿಗಾದರೂ ಹೊರಡುವ ವಾರದಲ್ಲಿ ಜ್ವರ, ಗಂಟಲು ನೋವು ಬಂದರೆ ವರದಿ ನೆಗೆಟಿವ್ ಇದ್ದರೂ ಪ್ರವಾಸ ಮುಂದೂಡಬೇಕು. ದಿನಾಂಕ ಬದಲಾಯಿಸಬಹುದಾದ ಟಿಕೆಟ್ಟಿಗೆ ಹೆಚ್ಚು ಹಣ ಕೊಡುವುದು ಈ ಒಂದು ಕಾರಣಕ್ಕಾಗಿಯಾದರೂ ಸಾರ್ಥಕ.

ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿತ್ಯದ ಔಷಧಿಯನ್ನು ಪ್ರವಾಸದ ದಿನಗಳಿಗಿಂತ ಹದಿನೈದು ದಿನ ಹೆಚ್ಚಿಗೆ ಒಯ್ಯಿರಿ, ಏಕೆಂದರೆ ಪಾಸಿಟಿವ್ ಬಂದರೆ ಅಲ್ಲಿಯೇ ಉಳಿಯಬೇಕಾಗುತ್ತದೆ. ಅಷ್ಟು ದಿನದ ವಸತಿಗೆ ಬೇಕಾದ ಹಣವನ್ನೂ ಬೇರೆ ತೆಗೆದಿಡಿ. ಚೆನ್ನೈನಿಂದ ಅಂಡಮಾನಿಗೆ ಸಮುದ್ರದಡಿಯ ಕೇಬಲ್ 2020ರ ಆಗಸ್ಟ್ 10ರಂದು ಉದ್ಘಾಟನೆಯಾದರೂ ಸಣ್ಣ ದ್ವೀಪಗಳ ಜೆಟ್ಟಿಯಲ್ಲಿ ಫೋನ್ ಕೈಕೊಡುವುದುಂಟು, ಆದ್ದರಿಂದ ವರದಿ, ಟಿಕೆಟ್, ವಸತಿಯ ರಸೀದಿ ಎಲ್ಲವನ್ನೂ ಎರಡೆರಡು ಪ್ರತಿ ಮುದ್ರಿಸಿ ಬೇರೆ ಬೇರೆ ಚೀಲದಲ್ಲಿಡಿ.

ಮರಳಿದ ಮೇಲೆ ವಿಮಾನದ ಬೋರ್ಡಿಂಗ್ ಪಾಸನ್ನೂ ದೋಣಿಯ ಟಿಕೆಟ್ಟನ್ನೂ ಎರಡು ವಾರ ಎಸೆಯಬೇಡಿ. ಸಹಪ್ರಯಾಣಿಕರಲ್ಲಿ ಯಾರಿಗಾದರೂ ಸೋಂಕು ಕಂಡರೆ ಆರೋಗ್ಯ ಇಲಾಖೆಯವರು ಮೊದಲು ಕೇಳುವುದು ಆಸನದ ಸಂಖ್ಯೆಯನ್ನು. ನಾವು ಬಂದ ಮೇಲೆ ಅಮ್ಮ ಒಂದು ವಾರ ದೇವಸ್ಥಾನಕ್ಕೂ ಹೋಗಲಿಲ್ಲ, ಪಕ್ಕದ ಮನೆಯ ಅಜ್ಜಿಗೆಂದು ತಂದಿದ್ದ ಚಿಪ್ಪಿನ ಡಬ್ಬಿಯನ್ನು ಎಂಟನೆಯ ದಿನ ಕೊಟ್ಟರು.