ಇನ್ಶೂರೆನ್ಸ್ ಇಲ್ಲದ ಕಾರು ಅಪಘಾತಕ್ಕೀಡಾದರೆ: ಕ್ಲೇಮು ನಿಭಾಯಿಸುವ ಬಗೆ

ವಿಮೆ ಇಲ್ಲದಿರುವುದು ಒಂದು ವಿಷಯ, ಅಪಘಾತದಲ್ಲಿ ತಪ್ಪು ಯಾರದು ಎಂಬುದು ಬೇರೆಯೇ ವಿಷಯ. ಎರಡನ್ನೂ ಒಂದೇ ಗಂಟಿಗೆ ಕಟ್ಟಿಕೊಂಡರೆ ಕೊಡಬೇಕಿಲ್ಲದ ದುಡ್ಡು ಕೊಡಬೇಕಾಗುತ್ತದೆ, ಬರಬೇಕಾದ ದುಡ್ಡು ಬಿಟ್ಟುಹೋಗುತ್ತದೆ. ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಯಾರೋ ಗುದ್ದಿದರೆ, ನಿಂತಿದ್ದವರ ಬಳಿ ವಿಮೆ ಇರಲಿಲ್ಲ ಎಂಬ ಕಾರಣಕ್ಕೆ ತಪ್ಪು ಅವರ ತಲೆಗೆ ಬರುವುದಿಲ್ಲ. ವಿಮೆ ಇಲ್ಲದೆ ಓಡಿಸಿದ್ದಕ್ಕೆ ದಂಡ ಬೀಳಬಹುದು, ಆದರೆ ಅದು ಸರ್ಕಾರಕ್ಕೂ ನಿಮಗೂ ಇರುವ ಲೆಕ್ಕ. ಗುದ್ದಿದವರ ಜೊತೆಗಿನ ಲೆಕ್ಕ ಬೇರೆ.

ವಿಮಾ ಕಂಪನಿ ಇದ್ದಿದ್ದರೆ ನಿಮ್ಮ ಪರವಾಗಿ ಮೂರು ಕೆಲಸ ಮಾಡುತ್ತಿತ್ತು: ಏನಾಯಿತೆಂದು ತನಿಖೆ ಮಾಡುವುದು, ನಷ್ಟ ಎಷ್ಟೆಂದು ಅಳೆಯುವುದು, ಎದುರಿನವರ ಜೊತೆ ಚೌಕಾಸಿ ಮಾಡುವುದು. ಈಗ ಆ ಮೂರೂ ನಿಮ್ಮ ಪಾಲಿಗೆ ಬಂದಿವೆ.

ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ನಿಜಕ್ಕೂ ವಿಮೆ ಇಲ್ಲವೇ? ಬೇರೆಯವರ ಕಾರು ಓಡಿಸುತ್ತಿದ್ದರೆ ಮಾಲೀಕರ ಪಾಲಿಸಿಯೇ ಅನ್ವಯಿಸಬಹುದು. ಕಚೇರಿ ಕೆಲಸದ ಮೇಲೆ ಹೋಗಿದ್ದರೆ ಸಂಸ್ಥೆಯ ಪಾಲಿಸಿ ಇರಬಹುದು. ಕಂತು ತಪ್ಪಿದ ಪಾಲಿಸಿ ಅಂದೇ ರದ್ದಾಗಿತ್ತೋ, ಗಡುವು ಬಾಕಿ ಇತ್ತೋ ಎಂದು ಕಂಪನಿಯಿಂದ ಬರವಣಿಗೆಯಲ್ಲೇ ಕೇಳಿ. ಆದರೆ ಅಪಘಾತ ಆದ ಮೇಲೆ ಪಾಲಿಸಿ ಕೊಂಡು, ಮೊದಲೇ ಇತ್ತೆಂದು ತೋರಿಸುವ ಯೋಚನೆ ಬೇಡವೇ ಬೇಡ. ಪಾಲಿಸಿ ಹೊರಟ ದಿನವಷ್ಟೇ ಅಲ್ಲ, ಗಂಟೆ ನಿಮಿಷವೂ ದಾಖಲಾಗಿರುತ್ತದೆ. ಬರೀ ಹಣದ ವ್ಯಾಜ್ಯವಾಗಿದ್ದದ್ದು ಆಗ ವಂಚನೆಯ ಕೇಸಾಗುತ್ತದೆ.

ಸ್ಥಳದಲ್ಲಿ

ಗಾಡಿ ನಿಲ್ಲಿಸಿ, ಅಪಾಯದ ದೀಪ ಹಾಕಿ, ಗಾಯಾಳುಗಳಿದ್ದರೆ ಆಂಬುಲೆನ್ಸ್ ಕರೆಸಿ, ಪೊಲೀಸರಿಗೆ ತಿಳಿಸಿ. ವಿಮೆ ಇಲ್ಲವೆಂಬ ಭಯಕ್ಕೆ ಜಾಗ ಬಿಟ್ಟು ಓಡಿಹೋಗುವುದು ಎಲ್ಲಕ್ಕಿಂತ ದುಬಾರಿ ತಪ್ಪು. ದಂಡದಲ್ಲಿ ಮುಗಿಯಬಹುದಾದದ್ದು ಜೈಲಿನವರೆಗೆ ಹೋಗಬಹುದು. ಹೆಸರು, ವಿಳಾಸ, ಲೈಸೆನ್ಸ್, ಗಾಡಿ ನಂಬರು ಕೊಡಿ. ವಿಮೆ ಬಗ್ಗೆ ಕೇಳಿದರೆ ಇಲ್ಲ ಎಂದಷ್ಟೇ ಹೇಳಿ. ‘ತಪ್ಪು ನಂದೇ’ ಎನ್ನಬೇಡಿ, ‘ನನಗೇನೂ ಪೆಟ್ಟಾಗಿಲ್ಲ’ ಎಂದೂ ಹೇಳಬೇಡಿ. ಕುತ್ತಿಗೆ ನೋವು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದು ಸಾಮಾನ್ಯ.

ಫೋಟೊ ತೆಗೆಯುವುದಕ್ಕೂ ಒಂದು ಕ್ರಮವಿದೆ. ಗಾಡಿಗಳನ್ನು ಸರಿಸುವ ಮೊದಲು ಹತ್ತು ಹೆಜ್ಜೆ ದೂರದಿಂದ ನಾಲ್ಕೂ ದಿಕ್ಕಿನಲ್ಲಿ ಒಂದೊಂದು ತೆಗೆಯಿರಿ. ಅದರಲ್ಲಿ ರಸ್ತೆ ಗೆರೆ, ಸಿಗ್ನಲ್, ಎರಡೂ ಗಾಡಿ ಒಟ್ಟಿಗೆ ಕಾಣಬೇಕು. ಆಮೇಲೆ ಮೂರು ಹೆಜ್ಜೆಯಿಂದ, ಕೊನೆಗೆ ಹತ್ತಿರದಿಂದ. ಹತ್ತಿರದ ಫೋಟೊದಲ್ಲಿ ಪೆಟ್ಟಿನ ಪಕ್ಕ ಅಳತೆ ಟೇಪನ್ನು ನೆಲದಿಂದ ನೇರವಾಗಿ ಹಿಡಿಯಿರಿ. ನಿಮ್ಮ ಬಂಪರ್ ತಗುಲಿದ್ದು ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿ, ಅವರು ತೋರಿಸುವ ಗೀರು ಇರುವುದು 80ರಲ್ಲಿ ಎಂದಾದರೆ, ಆ ಗೀರು ಹಳೆಯದೆಂದು ಹೇಳಲು ನಿಮಗೆ ಆಧಾರ ಸಿಕ್ಕಿತು. ಟೈರು ಉಜ್ಜಿದ ಗುರುತು, ಚೂರಾದ ಗಾಜು ಬಿದ್ದ ಜಾಗ, ಎದುರಿನ ಕಾರಿನ ಹಳೆಯ ತುಕ್ಕು, ಅದರೊಳಗೆ ಎಷ್ಟು ಜನರಿದ್ದರು ಎಂಬುದನ್ನೂ ಬಿಡಬೇಡಿ. ಒಬ್ಬರಿದ್ದ ಕಾರಿನಿಂದ ಮೂವರ ಗಾಯದ ಕ್ಲೇಮು ಬರುವುದುಂಟು.

ಡ್ಯಾಶ್‌ಕ್ಯಾಮ್ ಇದ್ದರೆ ಕೂಡಲೇ ಆಫ್ ಮಾಡಿ ಕಾರ್ಡು ತೆಗೆದಿಡಿ, ಇಲ್ಲದಿದ್ದರೆ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಂಡುಬಿಡುತ್ತದೆ. ಸುತ್ತಲಿನ ಅಂಗಡಿ ಕಟ್ಟಡಗಳ ಸಿಸಿಟಿವಿಯದೂ ಇದೇ ಕಥೆ, ಹಾಗಾಗಿ ಅಂದೇ ಅಥವಾ ಮರುದಿನ ಹೋಗಿ ದೃಶ್ಯ ಉಳಿಸಿಡಲು ಕೇಳಿ, ಕೇಳಿದ್ದಕ್ಕೆ ಒಂದು ಚೀಟಿಯಾದರೂ ಕೊಟ್ಟು ಬನ್ನಿ. ನೋಡಿದವರ ಫೋನ್ ನಂಬರು ಪಡೆಯಿರಿ. ಅದೇ ರಾತ್ರಿ ಸಮಯ, ಬೆಳಕು, ಮಳೆ, ಅಂದಾಜು ವೇಗ, ಯಾರು ಯಾವ ಕಡೆಯಿಂದ ಬಂದರು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ. ಆರು ತಿಂಗಳಾದ ಮೇಲೆ ನೆನಪು ಕೈಕೊಡುತ್ತದೆ.

‘ಇಲ್ಲೇ ಮುಗಿಸಿಬಿಡೋಣ, ಒಂದಿಷ್ಟು ಕೊಡಿ’ ಎಂಬ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ಬಂಪರ್‌ನ ಪ್ಲಾಸ್ಟಿಕ್ ಒಳಬಗ್ಗಿ ಮತ್ತೆ ಆಕಾರಕ್ಕೆ ಬಂದಿರುತ್ತದೆ, ಅದರ ಹಿಂದಿನ ಕಬ್ಬಿಣದ ಪಟ್ಟಿ, ಸೆನ್ಸರ್, ರೇಡಿಯೇಟರ್ ಹಿಡಿಕೆ ಮುರಿದಿದ್ದು ಬಿಚ್ಚುವವರೆಗೂ ಗೊತ್ತಾಗುವುದಿಲ್ಲ. ರಸೀದಿ ಇಲ್ಲದೆ ನೀವು ಕೊಟ್ಟಿದ್ದರೆ ವಾರದ ನಂತರ ಮತ್ತೆ ಕೇಳುತ್ತಾರೆ, ನೀವು ತೆಗೆದುಕೊಂಡಿದ್ದರೆ ಮಿಕ್ಕದ್ದನ್ನು ವಸೂಲು ಮಾಡುವುದು ಕಷ್ಟ.

ತಪ್ಪು ಎದುರಿನವರದಾಗಿದ್ದರೆ

ಅವರ ವಿಮಾ ಕಂಪನಿಗೆ ನೀವೇ ನೇರವಾಗಿ ಬರೆಯಿರಿ. ದಿನಾಂಕ, ಜಾಗ, ಎರಡೂ ಗಾಡಿ ನಂಬರು, ಪೊಲೀಸ್ ದಾಖಲೆಯ ಸಂಖ್ಯೆ, ಐದಾರು ಸಾಲಿನಲ್ಲಿ ಘಟನೆ, ಜೊತೆಗೆ ಫೋಟೊಗಳು. ಕಂಪನಿಯವರು ಫೋನ್ ಮಾಡಿ ಹೇಳಿಕೆ ರೆಕಾರ್ಡ್ ಮಾಡುತ್ತೇವೆ ಎಂದರೆ, ಬರವಣಿಗೆಯಲ್ಲಿ ಉತ್ತರಿಸುತ್ತೇನೆ ಎನ್ನಿ. ನೀವು ಅವರ ಗ್ರಾಹಕರಲ್ಲ.

ಅವರ ಸರ್ವೇಯರ್, ಅಂದರೆ ಕಂಪನಿಯ ಪರವಾಗಿ ನಷ್ಟ ಅಳೆಯುವವರು, ನೋಡುವ ಮೊದಲು ರಿಪೇರಿ ಮಾಡಿಸಬೇಡಿ, ಬಿಚ್ಚಿದ ಭಾಗಗಳನ್ನು ಎಸೆಯಲೂಬೇಡಿ. ಎರಡು ಗ್ಯಾರೇಜುಗಳಿಂದ ಎಸ್ಟಿಮೇಟ್ ತನ್ನಿ. ಬಿಡಿಭಾಗ, ಕೂಲಿ, ಪೇಂಟು ಬೇರೆ ಬೇರೆ ಸಾಲಿನಲ್ಲಿರಬೇಕು. ಟೋಯಿಂಗ್, ಬಾಡಿಗೆ ಗಾಡಿ, ಆಸ್ಪತ್ರೆ, ತಪ್ಪಿದ ದಿನಗೂಲಿ ಎಲ್ಲದಕ್ಕೂ ಬಿಲ್ಲು ಇಡಿ. ಕೆಟ್ಟ ಗಾಡಿಯನ್ನು ದಿನದ ಬಾಡಿಗೆ ಕೇಳುವ ಯಾರ್ಡಿನಲ್ಲಿ ಬಿಟ್ಟು ತಿಂಗಳು ಕಾಯಬೇಡಿ. ನಷ್ಟ ಬೆಳೆಯದಂತೆ ನೋಡಿಕೊಳ್ಳುವ ಹೊಣೆ ನಿಮ್ಮದೂ ಹೌದು, ಬೆಳೆಯಲು ಬಿಟ್ಟ ಬಾಡಿಗೆಯನ್ನು ಕಂಪನಿ ಕಡಿತ ಮಾಡುತ್ತದೆ.

ಕಾನೂನು ಒಂದೊಂದು ಕಡೆ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಮತದಾರರು ಒಪ್ಪಿದ 213ನೇ ಪ್ರಸ್ತಾವದ ಪ್ರಕಾರ, ವಿಮೆ ಇಲ್ಲದ ಚಾಲಕ ನಿರ್ದೋಷಿಯಾದರೂ ಸಾಮಾನ್ಯವಾಗಿ ನೋವು ಸಂಕಟಕ್ಕೆ ಪರಿಹಾರ ಕೇಳುವಂತಿಲ್ಲ. ಆಸ್ಪತ್ರೆ ಖರ್ಚು, ತಪ್ಪಿದ ಸಂಬಳ, ಗಾಡಿ ರಿಪೇರಿಯಂಥ ಹಣದ ನಷ್ಟವನ್ನು ಮಾತ್ರ ಕೇಳಬಹುದು. ನ್ಯೂಜಿಲೆಂಡಿನಲ್ಲಿ 1974ರಿಂದ ಗಾಯದ ಖರ್ಚನ್ನು ತಪ್ಪು ಯಾರದೆಂದು ನೋಡದೆ ಸರ್ಕಾರಿ ಯೋಜನೆಯೇ ಭರಿಸುತ್ತದೆ. ಬ್ರಿಟನ್ನಿನಲ್ಲಿ ವಿಮೆ ಇಲ್ಲದವರಿಂದ ಪೆಟ್ಟು ತಿಂದವರಿಗೆ 1946ರಲ್ಲಿ ಹುಟ್ಟಿದ ಮೋಟಾರ್ ಇನ್ಶೂರರ್ಸ್ ಬ್ಯೂರೊ ಹಣ ಕೊಟ್ಟು, ಆಮೇಲೆ ಆ ಚಾಲಕರ ಬೆನ್ನು ಹತ್ತುತ್ತದೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿದೆ. ಅದಿಲ್ಲದಿದ್ದರೆ ಪರಿಹಾರದ ಹೊರೆ ಚಾಲಕರ ಜೊತೆಗೆ ಮಾಲೀಕರ ಮೇಲೂ ಬೀಳುತ್ತದೆ. ನಿಮ್ಮ ಜಾಗದ ನಿಯಮವನ್ನು, ಮುಖ್ಯವಾಗಿ ದಾವೆ ಹೂಡುವ ಕಾಲಮಿತಿಯನ್ನು, ಮೊದಲ ವಾರದಲ್ಲೇ ವಕೀಲರಿಂದ ತಿಳಿದುಕೊಳ್ಳಿ. ಮಾತುಕತೆ ನಡೆಯುತ್ತಿದೆ ಎಂಬ ಮಾತ್ರಕ್ಕೆ ಸಾಮಾನ್ಯವಾಗಿ ಆ ಗಡಿಯಾರ ನಿಲ್ಲುವುದಿಲ್ಲ.

ತಪ್ಪು ನಿಮ್ಮದಾಗಿದ್ದರೆ

ಇಲ್ಲಿ ಹೆಚ್ಚು ಜನ ಎಡವುತ್ತಾರೆ. ಎದುರಿನವರಿಗೆ ಅವರ ಕಂಪನಿ ರಿಪೇರಿ ಖರ್ಚು ಕೊಡುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿರುವಾಗ, ಕೆಲವು ತಿಂಗಳ ನಂತರ ಕಂಪನಿ ಅವರ ಜಾಗದಲ್ಲಿ ತಾನು ನಿಂತು, ಕೊಟ್ಟ ಹಣವನ್ನು ನಿಮ್ಮಿಂದ ಕೇಳಿ ನೋಟಿಸು ಕಳಿಸುತ್ತದೆ. ಅದರಲ್ಲಿರುವ ಮೊತ್ತವನ್ನು ಅವರ ಬೇಡಿಕೆ ಎಂದಷ್ಟೇ ಓದಿ. ಬಿಡಿಬಿಡಿಯಾದ ಬಿಲ್ಲು, ರಿಪೇರಿಗೆ ಮುಂಚಿನ ಫೋಟೊ, ಸರ್ವೇಯರ್ ವರದಿ, ಹಣ ಪಾವತಿಯ ದಾಖಲೆ ಈ ನಾಲ್ಕನ್ನೂ ಬರೆದು ಕೇಳಿ.

ಬಿಲ್ಲು ಕೈಗೆ ಬಂದ ಮೇಲೆ ನಿಮ್ಮ ಫೋಟೊ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡಿ. ಗುದ್ದಿದ್ದು ಹಿಂದಿನ ಎಡ ಮೂಲೆಗೆ, ಬಿಲ್ಲಿನಲ್ಲಿ ಬಲ ಬಾಗಿಲಿನ ಪೇಂಟ್ ಇದೆಯೇ? ತಟ್ಟಿ ಸರಿಮಾಡಬಹುದಾದ ತಗಡನ್ನು ಬದಲಿಸಿದ್ದಾರೆಯೇ? ಸವೆದಿದ್ದ ಟೈರಿಗೆ ಹೊಸ ಟೈರಿನ ಬೆಲೆ ಹಾಕಿದ್ದಾರೆಯೇ? ಗಾಡಿ ಪೂರ್ತಿ ಹಾಳಾಯಿತೆಂದು ಲೆಕ್ಕ ಹಾಕಿದ್ದರೆ ಗುಜರಿ ಬೆಲೆ ಕಳೆದಿರಬೇಕು: ಅಪಘಾತಕ್ಕೆ ಮುಂಚಿನ ಮಾರುಕಟ್ಟೆ ಬೆಲೆ 100 ಎಂದಿಟ್ಟುಕೊಂಡರೆ, ಗುಜರಿಗೆ 30 ಬಂದಿದ್ದರೆ, ನಿಮ್ಮಿಂದ ಕೇಳಬಹುದಾದದ್ದು 70. ಅವರದೂ ಪಾಲು ತಪ್ಪಿದ್ದರೆ ಆ ಪಾಲನ್ನೂ ಕಳೆಯಲು ಕೇಳಿ. ಇಬ್ಬರ ತಪ್ಪಿಗೂ ತಕ್ಕಂತೆ ಹಂಚುವ ಕಡೆ, ಅವರ ಪಾಲು ಶೇ. 20 ಎಂದು ತೀರ್ಮಾನವಾದರೆ 70 ಇದ್ದದ್ದು 56 ಆಗುತ್ತದೆ.

ಎರಡು ಬಾರಿ ಕೊಡುವ ಅಪಾಯವೂ ಇದೆ. ವಿಮೆಯಲ್ಲಿ ಮಾಲೀಕರು ಕೈಯಿಂದ ಹಾಕಬೇಕಾದ ಮೊದಲ ಪಾಲನ್ನು ಅವರು ನಿಮ್ಮಿಂದ ಬೇರೆ ಕೇಳುತ್ತಾರೆ, ಕಂಪನಿಯೂ ಅದನ್ನು ಸೇರಿಸಿಯೇ ಕೇಳುತ್ತದೆ. ಹಾಗಾಗಿ ರಾಜಿ ಪತ್ರದಲ್ಲಿ ಮಾಲೀಕರು, ಕಂಪನಿ ಇಬ್ಬರ ಹೆಸರೂ ಇರಲಿ, ಈ ಅಪಘಾತದ ಗಾಡಿ ನಷ್ಟದ ಎಲ್ಲ ಬಾಬತ್ತೂ ತೀರಿದೆ ಎಂಬ ಸಾಲು ಇರಲಿ. ಗಾಯದ ಕ್ಲೇಮು ಅದರಲ್ಲಿ ಸೇರಿದೆಯೋ ಇಲ್ಲವೋ ಸ್ಪಷ್ಟವಾಗಿ ಬರೆಸಿ. ಗಾಯವಾಗಿದ್ದರೆ, ಅದರಲ್ಲೂ ಮಕ್ಕಳಿಗೆ, ವಕೀಲರಿಲ್ಲದೆ ಸಹಿ ಮಾಡಬೇಡಿ. ಮಕ್ಕಳ ಪರವಾದ ರಾಜಿಗೆ ಅನೇಕ ಕಡೆ ನ್ಯಾಯಾಲಯದ ಒಪ್ಪಿಗೆ ಬೇಕು.

ಒಂದೇ ಕಂತಿನಲ್ಲಿ ಕೊಡಲು ಸಾಧ್ಯವಿದ್ದರೆ ರಿಯಾಯಿತಿ ಕೇಳಿ, ವಸೂಲಿಗೆ ಅಲೆಯುವ ಖರ್ಚು ಉಳಿಯುವುದರಿಂದ ಕಂಪನಿಗಳು ಬಿಟ್ಟುಕೊಡುವುದುಂಟು. ಕಂತಾದರೆ, ತಿಂಗಳ ಖರ್ಚೆಲ್ಲ ಕಳೆದು ಮಿಕ್ಕಿದ್ದರಲ್ಲಿ ಅರ್ಧವನ್ನಷ್ಟೇ ಒಪ್ಪಿಕೊಳ್ಳಿ. ಒಂದು ಕಂತು ತಪ್ಪಿದರೂ ಪೂರ್ತಿ ಮೊತ್ತ ಒಟ್ಟಿಗೆ ಕಟ್ಟಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ, ಅದಕ್ಕೆ ತಪ್ಪಿದ ಕಂತು ಕಟ್ಟಲು 15 ದಿನದ ಕಾಲಾವಕಾಶ ಸೇರಿಸಲು ಹೇಳಿ, ಬಡ್ಡಿ ನಿಲ್ಲಿಸಲೂ ಕೇಳಿ. ಬಹಳ ಹಳೆಯ ಕ್ಲೇಮಿಗೆ ಯೋಚಿಸದೆ ಒಂದು ಸಣ್ಣ ಕಂತು ಕಟ್ಟಿಬಿಡಬೇಡಿ. ಬಾಕಿ ಇದೆಯೆಂದು ಒಪ್ಪಿದಂತಾಗಿ, ಎಷ್ಟೋ ಕಡೆ ಕಾಲಮಿತಿ ಮೊದಲಿನಿಂದ ಶುರುವಾಗುತ್ತದೆ.

ಸಮನ್ಸ್ ಬಂದರೆ ಲಕೋಟೆ ಒಡೆಯದೆ ಮೂಲೆಯಲ್ಲಿಡಬೇಡಿ. ಹಾಜರಾಗದಿದ್ದರೆ ಅವರು ಕೇಳಿದಷ್ಟಕ್ಕೂ ಏಕಪಕ್ಷೀಯ ತೀರ್ಪಾಗಬಹುದು, ಆಮೇಲೆ ಸಂಬಳಕ್ಕೋ ಆಸ್ತಿಗೋ ಜಪ್ತಿ. ಮೊತ್ತ ಒಪ್ಪದಿದ್ದರೆ ಹಾಗೆಂದೇ ಗಡುವಿನೊಳಗೆ ಲಿಖಿತ ಉತ್ತರ ಹಾಕಿ. ಕೊನೆಯ ಕಂತು ಕಟ್ಟಿದ ದಿನ, ಬಾಕಿ ಏನೂ ಇಲ್ಲ ಎಂಬ ಪತ್ರವನ್ನು ಕಂಪನಿಯಿಂದ ಪಡೆದು ಫೈಲಿಗೆ ಹಾಕಿ.