ಮನೆಕೂಟದಲ್ಲಿ ‘ನಂಬಿಕೆಯೋ ಕ್ರಿಯೆಯೋ’ ಎಂಬ ಪಾಠವನ್ನು ಹೇಗೆ ನಡೆಸುವುದು

ಬೆಟಗೇರಿಯ ನಮ್ಮ ಸಭೆಯಲ್ಲಿ ಬುಧವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ಬೈಬಲ್ ಓದುವ ಮನೆಕೂಟ ನಡೆಸಲು ಹಿಡಿದು 19 ವರ್ಷವಾಯಿತು. ಅದಕ್ಕೂ ಮುಂಚೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಹಾಗಾಗಿ ಇಲ್ಲಿಯೂ ಎಲ್ಲರಿಗೂ ನಾನು ‘ಅಕ್ಕೋರು’. ಹೊಸದಾಗಿ ಕೂಟ ನಡೆಸಲು ಶುರು ಮಾಡಿದ ಇಬ್ಬರು ತಂಗಿಯರು ಮೊನ್ನೆ ಕೇಳಿದರು: ರಕ್ಷಣೆಗೆ ನಂಬಿಕೆ ಸಾಕೋ, ಒಳ್ಳೆಯ ಕೆಲಸವೂ ಬೇಕೋ, ಪರಿಶುದ್ಧತೆ ಇದರೊಳಗೆ ಎಲ್ಲಿ ಬರುತ್ತದೆ, ಇದನ್ನೆಲ್ಲ ಗೊಂದಲವಾಗದ ಹಾಗೆ ಹೇಗೆ ಹೇಳಿಕೊಡಬೇಕು? ನಾನು ಹೇಗೆ ಮಾಡುತ್ತೇನೆಂದು ಬರೆಯುತ್ತೇನೆ.

ಮೊದಲು ನನ್ನಿಂದಾದ ಒಂದು ತಪ್ಪು ಹೇಳಬೇಕು. ಕೂಟ ಶುರು ಮಾಡಿದ ಎರಡನೆಯ ವರ್ಷ, ಹಾಸಿಗೆ ಹಿಡಿದಿದ್ದ ಒಬ್ಬ ಅಮ್ಮನವರ ಮನೆಯಲ್ಲಿ ಸೇರಿದ್ದೆವು. ನಾನು ಕೂರುತ್ತಿದ್ದ ಹಾಗೇ ಅವರು ನನ್ನ ಕೈ ಹಿಡಿದು, “ಅಕ್ಕೋರ, ದೇವರ ಮುಂದ ಹಿಡಕೊಂಡು ಹೋಗಾಕ ನನ್ನ ಕೈಯಾಗ ಏನೂ ಇಲ್ಲರಿ” ಅಂದರು. ಆ ವಾರದ ಭಾಗ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ. ನಾನು ವೇಳಾಪಟ್ಟಿ ಬಿಡಲಿಲ್ಲ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದು ಸ್ಪಷ್ಟವಾಗಿ, ಗಟ್ಟಿಯಾಗಿ ಓದಿದೆ. ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಮುಂದಿನ ಬುಧವಾರದೊಳಗೆ ತೀರಿಕೊಂಡರು. ಓದಿದ ವಾಕ್ಯ ದೇವರ ವಾಕ್ಯವೇ. ಆದರೆ ಅದು ಅವರಿಗೆ ಬರೆದದ್ದಾಗಿರಲಿಲ್ಲ.

ಪುಸ್ತಕ ತೆರೆಯುವ ಮುಂಚೆ

ಆದ್ದರಿಂದ ಮೊದಲ ಕಾಲು ಗಂಟೆ ಓದಲೇಬೇಡಿ, ಕೇಳಿಸಿಕೊಳ್ಳಿ. ಈ ವಾರ ನಿದ್ದೆ ಕೆಡಿಸಿದ್ದು ಏನು ಎಂದು ಕೇಳಿದರೆ ಸಾಕು, ಜನ ತಾವಾಗಿಯೇ ಬಿಚ್ಚಿಕೊಳ್ಳುತ್ತಾರೆ. ಕೆಲವರಿಗೆ ಅಂಜಿಕೆ: ನಾನು ಮಾಡಿದ್ದು ಸಾಲದು, ದೇವರು ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಕೆಲವರಿಗೆ ನಿಶ್ಚಿಂತೆ: ದೀಕ್ಷಾಸ್ನಾನವಾಗಿದೆ, ಭಾನುವಾರ ತಪ್ಪಿಸುವುದಿಲ್ಲ, ಇನ್ನೇನು ಬೇಕು.

ಹೊಸ ಒಡಂಬಡಿಕೆಯ ಪತ್ರಿಕೆಗಳಲ್ಲಿ ಪೌಲನೂ ಯಾಕೋಬನೂ ಹೀಗೆ ಬೇರೆಬೇರೆ ಜನರನ್ನು ಎದುರಿಗಿಟ್ಟುಕೊಂಡೇ ಬರೆದರು. ಸುನ್ನತಿಯಾಗದೆ, ಧರ್ಮಶಾಸ್ತ್ರದ ಭಾರ ಹೊರದೆ ಅನ್ಯಜನರು ದೇವರ ಮಕ್ಕಳಾಗಲಾರರು ಎಂದು ವಾದಿಸುವವರಿಗೆ ಪೌಲನು ಗಲಾತ್ಯದ ಪತ್ರಿಕೆಯಲ್ಲಿ ಉತ್ತರ ಕೊಟ್ಟ, ರೋಮಾಪುರದ ಪತ್ರಿಕೆಯಲ್ಲೂ ಅದೇ ಮಾತನ್ನು ಬಿಡಿಸಿ ಹೇಳಿದ. ಯಾಕೋಬನ ಎದುರಿಗಿದ್ದವನು ಬೇರೆ. ಮೈಮೇಲೆ ಬಟ್ಟೆಯಿಲ್ಲದ, ಹೊಟ್ಟೆಗಿಲ್ಲದ ಸಹೋದರನಿಗೆ ‘ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ’ ಎಂದು ಬಾಯಿಮಾತಿನಲ್ಲೇ ಬಾಗಿಲು ದಾಟಿಸುವ ವಿಶ್ವಾಸಿ. ಅಂಜಿದವರಿಗೆ ಯಾಕೋಬನನ್ನು, ನಿಶ್ಚಿಂತರಿಗೆ ಪೌಲನನ್ನು ಓದಿದರೆ ಇಬ್ಬರಿಗೂ ಪೆಟ್ಟು.

ಅಬ್ರಹಾಮನ ಗೆರೆ

ಕೋಣೆಯಲ್ಲಿ ಎರಡೂ ಬಗೆಯವರಿದ್ದರೆ (ಸಾಮಾನ್ಯವಾಗಿ ಇರುತ್ತಾರೆ) ಎರಡನ್ನೂ ಒಟ್ಟಿಗೆ ಓದಿಸಿ. ರೋಮಾ 3:28 ಒಬ್ಬರು, ಯಾಕೋಬ 2:24 ಇನ್ನೊಬ್ಬರು, ಒಂದಾದ ಮೇಲೊಂದು. ಮನುಷ್ಯ ನಂಬಿಕೆಯಿಂದಲೇ ನೀತಿವಂತ ಅನ್ನುತ್ತದೆ ಒಂದು. ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದ ಅನ್ನುತ್ತದೆ ಇನ್ನೊಂದು. ಯಾರಾದರೂ ‘ಇವು ಜಗಳ ಆಡ್ತಾವಲ್ರಿ’ ಅನ್ನುತ್ತಾರೆ. ಅನ್ನಲಿ. ತಕ್ಷಣ ಸಮಾಧಾನ ಹೇಳಲು ಹೋಗಬೇಡಿ. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರನಂಥವನೇ ಇಲ್ಲಿ ತೊಡಕಿಗೆ ಬಿದ್ದ. 1522ರ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ರೋಮಾ 3:28ಕ್ಕೆ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದ ಸೇರಿಸಿದ, ಅದೇ ಪುಸ್ತಕದ ಮುನ್ನುಡಿಯಲ್ಲಿ ಯಾಕೋಬನದನ್ನು ಹುಲ್ಲಿನ ಪತ್ರಿಕೆ ಎಂದು ಕರೆದ. ಆದರೂ ಅದನ್ನು ತನ್ನ ಬೈಬಲಿನಿಂದ ಕಿತ್ತುಹಾಕಲಿಲ್ಲ. ರೋಮಾ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಂತೂ ನಂಬಿಕೆ ಜೀವಂತವಾದದ್ದು, ಸುಮ್ಮನೆ ಕೂರಲಾರದ್ದು ಎಂದು ಅವನೇ ಹೇಳಿದ್ದಾನೆ.

ಆಮೇಲೆ ಒಂದು ಹಲಗೆ, ಸೀಮೆಸುಣ್ಣ ತೆಗೆದುಕೊಳ್ಳಿ. ಪೌಲನೂ ಯಾಕೋಬನೂ ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಉದ್ದಕ್ಕೆ ಒಂದು ಗೆರೆ ಎಳೆದು ಆದಿಕಾಂಡದಿಂದ ಅವನ ವಯಸ್ಸು ಹುಡುಕಿಸಿ. ಹಾರಾನಿನಿಂದ ಹೊರಟಾಗ 75. ಇಷ್ಮಾಯೇಲ ಹುಟ್ಟಿದಾಗ 86. ಸುನ್ನತಿಯಾದಾಗ 99. ಇಸಾಕ ಹುಟ್ಟಿದಾಗ 100. ‘ಅಬ್ರಾಮನು ನಂಬಿದನು, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತು’ ಎಂಬ ಮಾತು 15ನೇ ಅಧ್ಯಾಯದ್ದು, ಅಂದರೆ 86ಕ್ಕೂ ಹಿಂದೆ. ದೇವರ ಮಾತಿನಂತೆ ಮಗ ಇಸಾಕನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದೊಯ್ದದ್ದು 22ನೇ ಅಧ್ಯಾಯ. ಅಷ್ಟರಲ್ಲಿ ಹುಡುಗ ಕಟ್ಟಿಗೆ ಹೊರುವಷ್ಟು ದೊಡ್ಡವನು.

ಈಗ ಕೇಳಿ: ಪೌಲನು ಬೆರಳಿಡುವುದು ಎಲ್ಲಿ? 15ರ ಮೇಲೆ. ಸುನ್ನತಿಗೆ ಇನ್ನೂ 13 ವರ್ಷಕ್ಕಿಂತ ಹೆಚ್ಚು ಬಾಕಿಯಿತ್ತು ಎನ್ನುವುದೇ ರೋಮಾ 4ರ ವಾದ. ಯಾಕೋಬನು ಬೆರಳಿಡುವುದು? 22ರ ಮೇಲೆ. ಇಟ್ಟು, ಅದೇ 15ರ ಮಾತನ್ನು ಎತ್ತಿ ‘ಹೀಗೆ ಅದು ನೆರವೇರಿತು’ ಅನ್ನುತ್ತಾನೆ. ಒಬ್ಬನು ಗೆರೆಯ ಆರಂಭ ತೋರಿಸಿದ, ಇನ್ನೊಬ್ಬನು ಆ ಗೆರೆ ಎಲ್ಲಿಗೆ ಮುಟ್ಟಿತೆಂದು ತೋರಿಸಿದ. ನಾನು ಹತ್ತು ವಾಕ್ಯದಲ್ಲಿ ವಿವರಿಸಿ ಸೋತದ್ದು ಈ ಹಲಗೆಯ ಮೇಲೆ ಮಕ್ಕಳಿಗೂ ತಿಳಿಯುತ್ತದೆ.

ಪದಗಳನ್ನೂ ತೋರಿಸಿ. ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಪೌಲನು ತಳ್ಳಿಹಾಕುವುದಕ್ಕೆ ‘ನೇಮನಿಷ್ಠೆ’ ಎಂಬ ಪದ, ಯಾಕೋಬನು ಕೇಳುವುದಕ್ಕೆ ‘ಕ್ರಿಯೆ’. ಭಾಷಾಂತರ ಮಾಡಿದವರಿಗೆ ಇದಕ್ಕಾಗಿ ನಾನು ಕೈಮುಗಿಯುತ್ತೇನೆ. ನೇಮ ಹಿಡಿದು ದೇವರನ್ನು ಕಟ್ಟಿಹಾಕುವುದು ಬೇರೆ, ಹಸಿದವನಿಗೆ ರೊಟ್ಟಿ ಕೊಡುವುದು ಬೇರೆ.

ಹೋಲಿಕೆ ಆರಿಸುವಾಗ ಎಚ್ಚರ

ಬೆಟಗೇರಿ ಮಗ್ಗದ ಊರು. ಹಾಗಾಗಿ ಬಹಳ ವರ್ಷ ನಾನು ನಂಬಿಕೆ ಹಾಸು, ಕ್ರಿಯೆ ಹೊಕ್ಕು, ಎರಡೂ ಸೇರಿದರೇ ಸೀರೆ ಎಂದು ಹೇಳಿಕೊಡುತ್ತಿದ್ದೆ. ಕೇಳಲು ಚೆನ್ನಾಗಿತ್ತು. ಒಂದು ದಿನ ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ನೇಕಾರರೊಬ್ಬರು ಕೈ ಎತ್ತಿದರು. “ಅಕ್ಕೋರ, ಹಾಸು ದೇವರದು, ಹೊಕ್ಕು ನಂದು ಅಂದ್ರ ಸೀರಿ ಅರ್ಧ ನಂದ ಆತಲ್ರಿ? ಹಂಗಾದ್ರ ಕೂಲಿ ಕೇಳಬಹುದಲ್ರಿ?” ರೋಮಾ 4:4ರಲ್ಲಿ ಪೌಲನು ಹೇಳುವುದೂ ಇದನ್ನೇ: ದುಡಿದವನಿಗೆ ಕೊಡುವುದು ಕೂಲಿ, ಕೃಪೆಯಲ್ಲ. ಅವತ್ತಿನಿಂದ ಆ ಹೋಲಿಕೆ ಬಿಟ್ಟೆ.

ಈಗ ನಾನು ಬಳಸುವುದು ನಮ್ಮ ಮಾತಿನಲ್ಲೇ ಇರುವುದು. ಎರಿ ಹೊಲದ ರೈತರು ‘ಮಳಿ ನಂಬಿ ಬಿತ್ತೇನಿ’ ಅನ್ನುತ್ತಾರೆ. ಬಿತ್ತಿದ್ದಕ್ಕೆ ಮಳೆ ಬರುವುದಿಲ್ಲ. ಕೂರಿಗೆ ಹೂಡಿದ ಪುಣ್ಯಕ್ಕೆ ಮೋಡ ಕರಗುವುದಿಲ್ಲ. ಆದರೆ ಬೀಜವನ್ನು ಚೀಲದಲ್ಲೇ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತವನು ‘ನನಗೂ ಮಳೆಯ ಮೇಲೆ ನಂಬಿಕೆ ಇದೆ’ ಎಂದರೆ ಊರವರು ಒಪ್ಪುತ್ತಾರೆಯೇ? ಮಳೆ ಎಂಬುದೊಂದು ಇದೆ ಎಂದು ಅವನಿಗೆ ಗೊತ್ತು, ಅಷ್ಟೆ. ಅಷ್ಟು ದೆವ್ವಗಳಿಗೂ ಗೊತ್ತು. ದೇವರು ಒಬ್ಬನೇ ಎಂದು ನಂಬಿ ಅವು ನಡುಗುತ್ತವೆ ಎಂದು ಯಾಕೋಬ 2:19 ಹೇಳುತ್ತದೆ. ಎಫೆಸ 2ರ 8ರಿಂದ 10ರವರೆಗೆ ಇಲ್ಲಿ ಓದಿಸಿ. ಹೆಚ್ಚಿನವರು 9ಕ್ಕೆ ನಿಲ್ಲಿಸಿಬಿಡುತ್ತಾರೆ. ರಕ್ಷಣೆ ಕ್ರಿಯೆಗಳಿಂದಲ್ಲ ಎಂದ ಪೌಲನೇ ಮರುಉಸಿರಿನಲ್ಲಿ, ನಾವು ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಸಲ್ಪಟ್ಟವರು ಅನ್ನುತ್ತಾನೆ. 10ನ್ನು ಬಿಡಬೇಡಿ.

ಪರಿಶುದ್ಧತೆ ಮಡಿಯಲ್ಲ

ಇದಕ್ಕೆ ಬೇರೆಯೇ ಒಂದು ಬುಧವಾರ ಇಟ್ಟುಕೊಳ್ಳಿ. ಪರಿಶುದ್ಧತೆಯಿಲ್ಲದೆ ಯಾರೂ ಕರ್ತನನ್ನು ಕಾಣಲಾರರು ಎಂಬ ಇಬ್ರಿಯ 12:14 ಓದಿದ ಕೂಡಲೇ ನಮ್ಮ ಜನರ ಕಿವಿಗೆ ಅದು ‘ಮಡಿ’ ಎಂದೇ ಕೇಳಿಸುತ್ತದೆ. ಮುಟ್ಟಬಾರದು, ದೂರ ನಿಲ್ಲಬೇಕು, ಸಿನಿಮಾ ನೋಡಬಾರದು, ಬಳೆ ಹಾಕಬಾರದು. ಮಾರ್ಕ 1ನೇ ಅಧ್ಯಾಯದ ಕುಷ್ಠರೋಗಿಯ ಕಥೆ ಓದಿಸಿ. ಮಡಿಯ ಲೆಕ್ಕದಲ್ಲಿ ಅಶುದ್ಧಿ ಅವನಿಂದ ಯೇಸುವಿಗೆ ಹತ್ತಬೇಕಿತ್ತು. ಆದದ್ದು ತಿರುವುಮುರುವು: ಯೇಸು ಕೈಚಾಚಿ ಮುಟ್ಟಿದ, ಶುದ್ಧಿ ರೋಗಿಗೆ ಹತ್ತಿತು.

ನಾನು ಕೂಟ ಶುರುವಾಗುವಾಗಲೇ ಆ ಮನೆಯ ಅಡುಗೆಮನೆಗೆ ಹೋಗಿ, ಉಗುರುಬೆಚ್ಚಗಿನ ಹಾಲಿಗೆ ಎಲ್ಲರೆದುರು ಒಂದು ಚಮಚ ಹೆಪ್ಪು ಹಾಕಿಸುತ್ತೇನೆ. ಆ ಹೆಪ್ಪನ್ನು ಪಕ್ಕದ ಮನೆಯಿಂದಲೇ ತರಿಸಬೇಕು. ಹಾಲಿನಲ್ಲಿ ಹೆಪ್ಪಿಲ್ಲ, ಹೊರಗಿನಿಂದಲೇ ಬರಬೇಕು. ಒಂದು ಚಮಚವೇ ಪಾತ್ರೆಯಷ್ಟು ಹಾಲನ್ನು ತನ್ನಂತೆ ಮಾಡಿಕೊಳ್ಳುತ್ತದೆ, ಹಾಲು ಹೆಪ್ಪನ್ನು ಕೆಡಿಸುವುದಿಲ್ಲ. ಒಂದು ರಾತ್ರಿ ಹಿಡಿಯುತ್ತದೆ. ಗಟ್ಟಿಯಾಯಿತೇ ಎಂದು ಗಳಿಗೆಗೊಮ್ಮೆ ಚಮಚ ಆಡಿಸಿದರೆ ನೀರೊಡೆಯುತ್ತದೆ. ತಮ್ಮ ಪರಿಶುದ್ಧತೆಯನ್ನು ದಿನಾ ಅಳೆದುಕೊಂಡು ಸೊರಗುವ ಹುಡುಗಿಯರು ನಮ್ಮ ಸಭೆಯಲ್ಲೂ ಇದ್ದಾರೆ. ಅವರಿಗಾಗಿಯೇ ಇದನ್ನು ನಿಧಾನವಾಗಿ ಹೇಳಿ. ಈ ಹೋಲಿಕೆಗೂ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬೇಡಿ: ಹಾಲಿಗೆ ಮನಸ್ಸಿಲ್ಲ, ನಮಗಿದೆ. ಫಿಲಿಪ್ಪಿ 2:12 ಮತ್ತು 13 ಅದಕ್ಕೇ ಜೊತೆಯಾಗಿವೆ. ಭಯದಿಂದ ನಡುಗುತ್ತ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಎಂದ ಪೌಲನು, ನಿಮ್ಮೊಳಗೆ ಮನಸ್ಸನ್ನೂ ಶಕ್ತಿಯನ್ನೂ ಹುಟ್ಟಿಸುವವನು ದೇವರೇ ಎಂದೂ ಹೇಳಿದ.

ಇನ್ನೊಂದು ಮಾತು. ಕೊರಿಂಥದವರನ್ನು ಪೌಲನು ಪತ್ರದ ಎರಡನೇ ವಾಕ್ಯದಲ್ಲೇ ಪವಿತ್ರರಾದವರು ಎಂದು ಕರೆಯುತ್ತಾನೆ. ಅದೇ ಜನ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದಾರೆಂದು 6ನೇ ಅಧ್ಯಾಯದಲ್ಲಿ ಬೈಯುತ್ತಾನೆ. ಮೊದಲು ಹೆಸರು ಕೊಟ್ಟ, ಆಮೇಲೆ ಆ ಹೆಸರಿಗೆ ತಕ್ಕಂತೆ ನಡೆಯಿರಿ ಎಂದ.

ಬೇರೆ ಸಭೆಯವರಿದ್ದರೆ

ನಮ್ಮ ಕೂಟಕ್ಕೆ ಬಲಿಪೂಜೆಗೆ ಹೋಗುವ ಕಥೋಲಿಕ ಮನೆಯಿಂದ ಬಂದ ಸೊಸೆಯೂ, ಬೀದರ್ ಕಡೆಯ ಮೆಥೋಡಿಸ್ಟ್ ಕುಟುಂಬವೂ ಬರುತ್ತದೆ. ಅವರೆದುರು ‘ಅವರು ಕೆಲಸದಿಂದ ರಕ್ಷಣೆ ಅಂತಾರೆ, ನಾವು ನಂಬಿಕೆಯಿಂದ ಅಂತೀವಿ’ ಎಂದು ಹೇಳಬೇಡಿ, ಅದು ನಿಜವೂ ಅಲ್ಲ. ಲೂಥರನನ್ನು ಖಂಡಿಸಿದ ಕಥೋಲಿಕರ ಟ್ರೆಂಟ್ ಮಹಾಸಭೆಯೇ 1547ರಲ್ಲಿ, ನೀತೀಕರಣಕ್ಕೆ (ಅಂದರೆ ದೇವರು ನಮ್ಮನ್ನು ನೀತಿವಂತರನ್ನಾಗಿ ಮಾಡುವುದಕ್ಕೆ) ಮುಂಚಿನ ನಮ್ಮ ಯಾವುದೂ, ನಂಬಿಕೆಯೂ ಸಹ, ಆ ಕೃಪೆಯನ್ನು ಸಂಪಾದಿಸಿಕೊಡುವುದಿಲ್ಲ ಎಂದಿತ್ತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ಜಂಟಿ ಘೋಷಣೆಗೆ ಸಹಿ ಹಾಕಿದವು: ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಸತ್ಕ್ರಿಯೆಗಳಿಗೆ ಕರೆಯುತ್ತಾನೆ ಎಂದು. 2006ರಲ್ಲಿ ಮೆಥೋಡಿಸ್ಟರೂ ಸೇರಿಕೊಂಡರು. ಭೇದಗಳು ಉಳಿದಿವೆ, ನಿಜ. ಬುಧವಾರದ ಒಂದು ಗಂಟೆಯಲ್ಲಿ ಅವನ್ನು ಬಿಡಿಸುವ ಕೆಲಸ ನಮ್ಮದಲ್ಲ.

ಜಕ್ಕಾಯನ ಚೀಟಿ

ಪಾಠ ಮಾತಿನಲ್ಲೇ ಮುಗಿಯದಿರಲು ಲೂಕ 19 ಓದಿ. ಯಾವುದು ಮೊದಲಾಯಿತೆಂದು ಜನರಿಂದಲೇ ಹೇಳಿಸಿ. ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನು ಜಕ್ಕಾಯ ಇನ್ನೂ ಮರದ ಮೇಲಿರುವಾಗಲೇ, ಒಂದು ಕಾಸೂ ಹಿಂದಿರುಗಿಸದಿರುವಾಗಲೇ, ‘ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಎಂದು ಯೇಸು ಹೇಳಿಯಾಗಿದೆ. ಅರ್ಧ ಆಸ್ತಿ ಬಡವರಿಗೆ, ವಂಚಿಸಿದ್ದಕ್ಕೆ ನಾಲ್ಕರಷ್ಟು ಎಂಬ ಮಾತು ಆಮೇಲಿನದು. ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಅರಣ್ಯಕಾಂಡ 5ರಲ್ಲಿ ಇತ್ತು. ಅವನು ನಾಲ್ಕರಷ್ಟು ಕೊಟ್ಟ. ಲೆಕ್ಕದ ಮನುಷ್ಯನೇ ಲೆಕ್ಕ ಮರೆತ.

ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಯಾರಿಗೆ ಏನು ತಿರುಗಿಸಬೇಕೆಂದು ಬರೆಯಲಿ: ದುಡ್ಡು, ಪಾತ್ರೆ, ಒಂದು ಕ್ಷಮಾಪಣೆ. ಓದಿಸಬೇಡಿ, ಮುಂದಿನ ವಾರ ವರದಿಯನ್ನೂ ಕೇಳಬೇಡಿ. ಮತ್ತಾಯ 25ರ ಕಡೆಯ ತೀರ್ಪಿನಲ್ಲಿ ಬಲಗಡೆ ನಿಂತವರಿಗೆ ತಾವು ಮಾಡಿದ್ದೇ ನೆನಪಿಲ್ಲ, ‘ಕರ್ತನೇ, ಯಾವಾಗ ನಿನ್ನನ್ನು ಹಸಿದವನಾಗಿ ನೋಡಿದೆವು?’ ಅನ್ನುತ್ತಾರೆ. ವರದಿ ಕೇಳಿದರೆ ನಾವೇ ನೆನಪಿಟ್ಟುಕೊಳ್ಳಲು ಕಲಿಸಿದಂತೆ. ನನಗೆ ಗೊತ್ತಾದದ್ದು ಒಂದೇ ಒಂದು, ಅದೂ ಆ ನೇಕಾರರಿಂದಲ್ಲ. ಅವರ ಮನೆಗೆ ಕಂಡಿಕೆ ಸುತ್ತಲು ಹೋಗುತ್ತಿದ್ದ ಹೆಣ್ಣುಮಗಳು ಸಂತೆಯಲ್ಲಿ ಸಿಕ್ಕು, ಎಳೆ ಹರಿದಾಗೆಲ್ಲ ಮುರಿದುಕೊಂಡಿದ್ದ ಕೂಲಿಯನ್ನು ಅವರು ಮನೆಗೆ ಬಂದು ಎಣಿಸಿ ಕೊಟ್ಟು ಹೋದರೆಂದಳು.

ಹಾಸಿಗೆ ಹಿಡಿದವರ ಬಳಿ

ಇಲ್ಲಿ ಹಲಗೆ ಬೇಡ, ಚೀಟಿ ಬೇಡ, ಹೋಲಿಕೆಯೂ ಬೇಡ. ಒಂದೇ ಭಾಗ, ಅದೂ ಚಿಕ್ಕದು. ಲೂಕ 23:42 ಮತ್ತು 43. ಯೇಸುವಿನ ಪಕ್ಕದ ಶಿಲುಬೆಯ ಮೇಲಿನ ಆ ಕಳ್ಳನ ಕೈಗಳಿಗೆ ಮೊಳೆ ಹೊಡೆದಿತ್ತು, ಆ ಕೈಗಳಿಂದ ಅವನು ಇನ್ನು ಏನನ್ನೂ ಮಾಡುವಂತಿರಲಿಲ್ಲ. ‘ನನ್ನನ್ನು ನೆನಸಿಕೋ’ ಎಂದ, ಅಷ್ಟೆ. ‘ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ’ ಎಂದು ಯೇಸು ಹೇಳಿದ. ಓದುವಾಗ ಪುಸ್ತಕದ ಮೇಲಿನ ಕಣ್ಣು ಆಗಾಗ ಎತ್ತಿ ಮುಖ ನೋಡಿ. ಪ್ರಶ್ನೆ ಕೇಳಬೇಡಿ, ‘ನಂಬ್ತೀರೇನ್ರಿ’ ಎಂದು ಒಪ್ಪಿಸಿಕೊಳ್ಳಬೇಡಿ.

ಹೋದ ಮಳೆಗಾಲದಲ್ಲಿ ಇನ್ನೊಬ್ಬ ಅಮ್ಮನವರ ಬಳಿ ಕೂತಿದ್ದೆ. ಅವರೂ ತಮ್ಮ ಬರಿಗೈ ತೋರಿಸಿದರು. ಆ ಎರಡು ವಾಕ್ಯ ಓದಿದೆ. “ಇನ್ನೊಮ್ಮೆ ಓದ್ರಿ” ಅಂದರು. ಓದಿದೆ. ಮೂರನೇ ಸಲ ‘ಈಹೊತ್ತೇ’ ಎಂಬಲ್ಲಿಗೆ ಬಂದಾಗ ಅವರ ತುಟಿಯೂ ನನ್ನ ಜೊತೆ ಆಡುತ್ತಿತ್ತು. ಪುಸ್ತಕ ಮುಚ್ಚಿ, ಅವರ ಕಾಲು ಒರೆಸಲು ನೀರು ಕಾಯಿಸಲೆಂದು ಎದ್ದೆ.